ಫಕೀರಪ್ಪನ ಎರಡನೆಯ ಕಾಲು

ಇದು ನಡೆಯುವುದಕ್ಕೆ ಇನ್ನೂ ಹತ್ತು ಹದಿನೈದು ವರ್ಷಗಳಿವೆ. ಆದರೂ ನಡೆದುಹೋದದ್ದು ಎಂಬಂತೆಯೇ ಹೇಳುವುದು ವಾಸಿ, ಏಕೆಂದರೆ ಇದರಲ್ಲಿ ಬರುವ ಜನ ಆಗಲೂ ಈಗಿನಂತೆಯೇ ಇರುತ್ತಾರೆ. ಗದಗಿಗೆ ಅಷ್ಟು ಹೊತ್ತಿಗೆ ಹಾಲು ಉಕ್ಕುವ ಮೊದಲೇ ತಾನಾಗಿ ಆರುವ ಒಲೆ ಬಂದಿತ್ತು, ಚಾಲಕನಿಲ್ಲದ ಆಟೋ ಬಂದಿತ್ತು. ಸ್ವಭಾವ ಮಾತ್ರ ಹಳೆಯದೇ ಉಳಿದಿತ್ತು. ಸ್ಟ್ರೆಚರ್ ಮೇಲೆ ಮಲಗಿಸಿ ಆಸ್ಪತ್ರೆಯೊಳಗೆ ತಳ್ಳಿಕೊಂಡು ಹೋಗುವಾಗ ಎದುರಿಗೆ ಬಂದವರು "ಆರಾಮ್ ಅದೀರೇನ್ರಿ?" ಎಂದು ಕೇಳಿದರೆ, ಮಲಗಿದ್ದವನು ತಲೆ ಎತ್ತಿ "ಆರಾಮ್ರಿ, ನೀವು?" ಎನ್ನುತ್ತಿದ್ದ.

ಅಂಥ ಊರಿನ ಆಸ್ಪತ್ರೆಯೊಂದರಲ್ಲಿ ಮಹಾನಂದಾ ಬೆಳವಟಗಿಗೆ ಚಿತ್ರ ತಿದ್ದುವ ಕೆಲಸ. ಅವಳು ವೈದ್ಯಳಲ್ಲ, ಇಂಜಿನಿಯರು. ಕಾಲಿನ ರಕ್ತನಾಳಗಳ ಎಂ.ಆರ್.ಐ. ಚಿತ್ರವನ್ನು ಸ್ವಚ್ಛಗೊಳಿಸುವ ತಂತ್ರಾಂಶವೊಂದನ್ನು ಆರು ವರ್ಷ ಕೂತು ಕಟ್ಟಿದ್ದಳು. ಅದಕ್ಕೆ 'ನಿರ್ಮಲ' ಎಂದು ಹೆಸರಿಟ್ಟಿದ್ದಳು. ಆಸ್ಪತ್ರೆಯವರು ಅದನ್ನು ನಿರ್ಮಲಕ್ಕ ಮಾಡಿಕೊಂಡರು. "ನಿರ್ಮಲಕ್ಕ ಏನಂದ್ಲು?", "ನಿರ್ಮಲಕ್ಕಂದು ಇನ್ನೂ ಮುಗಿದಿಲ್ಲ" ಎಂಬ ಮಾತುಗಳನ್ನು ಕೇಳಿದವರು ಒಳಗೆ ಯಾರೋ ದಪ್ಪ ಕನ್ನಡಕದ ಹಿರಿಯ ನರ್ಸಮ್ಮ ಇದ್ದಾಳೆ ಎಂದೇ ತಿಳಿಯುತ್ತಿದ್ದರು.

ಕಾಲಿನ ನಾಳದ ಚಿತ್ರ ಹಿಡಿಯುವುದು ಹುಡುಗಾಟದ ಕೆಲಸವಲ್ಲ. ತೋಳಿಗೆ ಚುಚ್ಚಿದ ಬಣ್ಣದೌಷಧ ಹೃದಯವನ್ನು ಹಾದು, ಹೊಟ್ಟೆ, ತೊಡೆ, ಮೀನಖಂಡ ದಾಟಿ ಪಾದಕ್ಕಿಳಿಯುತ್ತದೆ. ಅದು ಕೆಳಗೆ ಹೋಗುವ ನಾಳದಲ್ಲಿರುವಾಗಲೇ ಯಂತ್ರ ಹಿಂದೆ ಹಿಂದೆ ಓಡಿ ಚಿತ್ರ ಹಿಡಿಯಬೇಕು. ಅವಸರ ಮಾಡಿದರೆ ನಾಳ ಖಾಲಿ ಕಾಣುತ್ತದೆ. ತಡ ಮಾಡಿದರೆ ಔಷಧ ಮೇಲೆ ಮರಳುವ ನಾಳಕ್ಕೂ ತುಂಬಿ, ಹೋಗುವ ದಾರಿ ಯಾವುದು, ಬರುವ ದಾರಿ ಯಾವುದು ತಿಳಿಯದಂತೆ ಎಲ್ಲ ಕಲಸುಮೇಲೋಗರವಾಗುತ್ತದೆ. ಮಲಗಿದವರು ಒಂದಿಷ್ಟು ಕಾಲು ಅಲುಗಿಸಿದರೂ ಚಿತ್ರ ಕೆಟ್ಟಿತು. ಈ ಎಲ್ಲ ಕಲೆ, ಮಬ್ಬು, ಗೊಂದಲಗಳನ್ನು ತೆಗೆದು ಇದ್ದದ್ದನ್ನು ಇದ್ದಂತೆ ಎತ್ತಿ ತೋರಿಸುವುದು ನಿರ್ಮಲಕ್ಕನ ಕೆಲಸ.

ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಯಾರಾದರೂ ಹೇಳಿಕೊಟ್ಟರೆ ಮಾತ್ರ ಇಂಥ ತಂತ್ರಾಂಶ ಕಲಿಯುತ್ತದೆ. ಮೊದಲು ವೈದ್ಯರೇ ಹೇಳಿಕೊಡುತ್ತಿದ್ದರು. ಆದರೆ ಅವರಿಗೆ ಪುರುಸೊತ್ತಿಲ್ಲ, ತಿಂಗಳಾದರೂ ನಾಲ್ಕು ಅಭಿಪ್ರಾಯ ಬರುತ್ತಿರಲಿಲ್ಲ. ಆಗ ಆಸ್ಪತ್ರೆಯ ಆಡಳಿತಾಧಿಕಾರಿ ಒಂದು ಉಪಾಯ ಹೇಳಿದರು. ಕಾರಿಡಾರಿನಲ್ಲಿ ದೊಡ್ಡ ಪರದೆ ಹಾಕಿ, ರೋಗಿಗೂ ಮನೆಯವರಿಗೂ ಚಿತ್ರ ತೋರಿಸುವುದು, ಕೆಳಗೆ ಎರಡು ಗುಂಡಿ ಇಡುವುದು. ನಗುವ ಮುಖದ್ದು ಹಸಿರು, ಅಳುವ ಮುಖದ್ದು ಕೆಂಪು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ರೀ ಮೇಡಂ. ನೋಡೋರು ಚಂದ ಅಂದ್ರ ಚಂದ" ಎಂದರು. ಮಹಾನಂದಾಳಿಗೂ ಆ ಮಾತು ಹಿಡಿಸಿತು. ಒಬ್ಬ ರೋಗಿಯ ಹಿಂದೆ ಒಂದು ಟಂಟಂ ಗಾಡಿ ತುಂಬ ಜನ ಬರುವ ಊರಿನಲ್ಲಿ ಅಭಿಪ್ರಾಯಗಳಿಗೇನು ಬರ? ಶ್ರಾವಣದ ಮೊದಲ ಸೋಮವಾರ ಗುಂಡಿಗಳನ್ನು ತಂದು ನಿರ್ಮಲಕ್ಕನ ತಲೆಗೆ ಜೋಡಿಸಿದಳು.

ಆಮೇಲೆ ಚಿತ್ರಗಳು ಹೇಗೆ ಬರತೊಡಗಿದವು ಎಂದರೆ, ನೋಡಿದವರು ಕೈಮುಗಿಯಬೇಕು. ನುಣುಪಾದ ನಾಳಗಳು, ಕೆಂಪಗೆ, ಮೇಲಿಂದ ಕೆಳಗಿನವರೆಗೆ ಎಲ್ಲೂ ಕುಂದಿಲ್ಲ. ಜನ ಅದರ ಪ್ರತಿ ಕೇಳಿ ಪಡೆದು ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದರು. ಹುಡುಗನನ್ನು ನೋಡಲು ಹೋದ ಬೀಗರಿಗೆ ಚಹಾದ ಜೊತೆಗೆ ಹುಡುಗನ ಕಾಲಿನ ಚಿತ್ರವನ್ನೂ ತೋರಿಸುವ ಪದ್ಧತಿ ಪಕ್ಕದ ಬೆಟಗೇರಿಯಲ್ಲಿ ಶುರುವಾಯಿತು. ಯಂತ್ರ ನಡೆಸುವ ತಂತ್ರಜ್ಞ ರಾಜೇಸಾಬನಿಗೆ ದಿನಾ ಯಾರಾದರೂ ಪೇಢೆ ಕೊಡುವವರೇ. ಅವನ ಹೊಟ್ಟೆ ಅಂಗಿಯ ಗುಂಡಿಗಳೊಡನೆ ಜಗಳಕ್ಕೆ ನಿಂತಿತ್ತು. ಮಹಾನಂದಾ ಉಬ್ಬಿಹೋಗಿದ್ದಳು, ಸುಳ್ಳೇಕೆ ಹೇಳಬೇಕು.

ಮನೆಯಲ್ಲಿ ಮಾತ್ರ ಅವಳನ್ನು ಯಾರೂ ಉಬ್ಬಲು ಬಿಡುತ್ತಿರಲಿಲ್ಲ. ಅಂದರೆ, ಅತ್ತೆ ಬಿಡುತ್ತಿರಲಿಲ್ಲ. ಅಂದು ಬೆಳಿಗ್ಗೆ ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಗಂಡ ವಿರೂಪಾಕ್ಷ ಕಣ್ಣುಮುಚ್ಚಿ "ಭಾರೀ ಆಗೇತಿ" ಎಂದ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ಆತ ಮದುವೆಯಾದ ದಿನದಿಂದ "ಭಾರೀ ಆಗೇತಿ" ಎನ್ನದೆ ಒಂದು ತುತ್ತನ್ನೂ ನುಂಗಿದವನಲ್ಲ. ಅತ್ತೆ ಗುರುಸಿದ್ದವ್ವ ಎರಡು ತುತ್ತು ತಿಂದು, ನೀರು ಕುಡಿದು, ತೀರ್ಪು ಕೊಟ್ಟಳು.

"ಉಪ್ಪು ಮುಂದಾಗೇತಿ. ರವಾ ಹುರಿದಿಲ್ಲ. ಸಾಸಿವಿ ಹೊತ್ತಾವು. ಕೊತ್ತಂಬರಿ ಅಂತೂ ನೋಡಾಕೂ ಇಲ್ಲ."

"ಅತ್ತೀ, ನಾ ಆಸ್ಪತ್ರಿಗೆ ಹೋಗೂ ಅವಸರದಾಗ ಮಾಡೀನ್ರಿ."

"ಅದ ಹೇಳಾಕತ್ತೀನಿ ನಾನೂ. ಅವಸರದ ರುಚಿ ಹತ್ತಾಕತ್ತೈತಿ."

ಜಗತ್ತಿನಲ್ಲಿ ವಿರೂಪಾಕ್ಷನಂಥವರು ನೂರು ಜನ ಇದ್ದು ಗುರುಸಿದ್ದವ್ವನಂಥವಳು ಒಬ್ಬಳೇ ಇರುವುದು ದೇವರ ದೊಡ್ಡ ಉಪಕಾರ ಎಂದುಕೊಂಡು ಮಹಾನಂದಾ ಚಪ್ಪಲಿ ಮೆಟ್ಟಿ ಹೊರಟಳು.

ಆಸ್ಪತ್ರೆಯಲ್ಲಿ ಅಂದಿನ ಮೊದಲ ರೋಗಿ ಫಕೀರಪ್ಪ. ಬಜಾರಿನಲ್ಲಿ ಮೂವತ್ತು ವರ್ಷಗಳಿಂದ ಚಪ್ಪಲಿ ಅಂಗಡಿ ಇಟ್ಟವನು. ಬಲಗಾಲು ಸ್ವಲ್ಪ ನಡೆದರೆ ಹಿಡಿದುಕೊಳ್ಳುತ್ತದೆ, ಹೆಬ್ಬೆರಳು ಕಪ್ಪಗಾಗುತ್ತ ಬಂದಿದೆ ಎಂದು ಹೆಂಡತಿ ಕಾಶವ್ವ ಎಳೆದುಕೊಂಡು ಬಂದಿದ್ದಳು. ಅವನನ್ನು ಒಳಗೆ ಕರೆದೊಯ್ಯುವ ಮೊದಲೇ ಕಾಶವ್ವ ಮಹಾನಂದಾಳನ್ನು ಕಂಬದ ಮರೆಗೆ ಕರೆದಳು.

"ಡಾಕ್ಟರಬಾಯಾರ, ಏನರ ಇದ್ರ ಅವರ ಮುಂದ ಹೇಳಬ್ಯಾಡ್ರಿ. ನನಗ ಹೇಳ್ರಿ. ಅವರು ನೋಡಾಕ ಹಿಂಗ ಅದಾರ, ಒಳಗ ಭಾಳ ಮೆತ್ತಗ."

"ಆತು ಕಾಕೂ, ನೀವು ಗಾಬರಿ ಆಗಬ್ಯಾಡ್ರಿ" ಎಂದಳು ಮಹಾನಂದಾ. ಐದು ನಿಮಿಷ ಬಿಟ್ಟು ನೀರಿನ ನಲ್ಲಿಯ ಹತ್ತಿರ ಫಕೀರಪ್ಪನೇ ಅವಳಿಗೆ ಕಣ್ಣಿನಲ್ಲಿ ಸನ್ನೆ ಮಾಡಿ ಕರೆದ. "ಬಾಯಾರ, ಏನರ ಇದ್ರ ಆಕಿ ಮುಂದ ಹೇಳಬ್ಯಾಡ್ರಿ. ಆಕೀಗಿ ತಡಕೊಳ್ಳೂದು ಆಗೂದಿಲ್ಲ" ಎಂದ. ಅವನಿಗೂ "ಆತು ಕಾಕಾ" ಎಂದಳು. ಇಬ್ಬರಿಗೂ ಮಾತು ಕೊಟ್ಟಾಯಿತು. ಇನ್ನು ಯಾರಿಗೆ ಹೇಳಬೇಕು ಎಂಬುದು ಅವಳಿಗೆ ಹೊಳೆಯಲಿಲ್ಲ, ಆ ಹೊತ್ತಿಗೆ ಅದು ಅವಳಿಗೆ ವಿಚಿತ್ರವೂ ಅನಿಸಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ರಾಜೇಸಾಬ ಔಷಧ ಬಿಟ್ಟ, ಮೇಜು ಸರಿಯಿತು, ಯಂತ್ರ ಬಡಿದುಕೊಂಡಿತು. ಮಹಾನಂದಾ ಚಹಾ ತರಿಸಿಕೊಂಡು ಬಂದು ಅವನ ಪಕ್ಕ ಕೂತಾಗ ನಿರ್ಮಲಕ್ಕ ತನ್ನ ಕೆಲಸ ಮುಗಿಸಿದ್ದಳು. ಪರದೆಯ ಮೇಲೆ ಎರಡು ಕಾಲುಗಳ ನಾಳಗಳು ಝಗಝಗ ಮೂಡಿದವು.

"ಏನ್ ಚಂದ ಬಂದಾವ್ರಿ ಮೇಡಂ! ಈ ವಯಸ್ಸಿನಾಗ ಹಿಂಗ ಕಾಲು ಅಂದ್ರ, ಪುಣ್ಯಾ ಮಾಡ್ಯಾರ" ಎಂದ ರಾಜೇಸಾಬ.

"ಎಡಗಾಲಂತೂ ಹುಡುಗರ ಕಾಲಿದ್ದಂಗ ಐತಿ" ಎಂದಳು ಮಹಾನಂದಾ.

ಶಸ್ತ್ರಚಿಕಿತ್ಸೆಯ ಡಾಕ್ಟರ್ ಜಂಬಗಿ ಬೇರೊಂದು ಆಪರೇಷನ್ನಿನ ನಡುವೆ ಇದ್ದರು. ಅಲ್ಲಿಯೇ ಗೋಡೆಯ ಪರದೆಯಲ್ಲಿ ಚಿತ್ರ ನೋಡಿ, "ಎರಡೂ ಕಾಲು ಫಸ್ಟ್ ಕ್ಲಾಸ್. ಗುಳಿಗಿ ಕೊಟ್ಟು ಮನಿಗೆ ಕಳಸ್ರಿ" ಎಂದು ಹೇಳಿ ಕಳಿಸಿದರು. ಕಾರಿಡಾರಿನ ದೊಡ್ಡ ಪರದೆಯ ಮುಂದೆ ಗಾಲಿಕುರ್ಚಿಯಲ್ಲಿ ಕೂತ ಫಕೀರಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಹಸಿರು ಗುಂಡಿ ಒತ್ತಿದರು. ಮಹಾನಂದಾ ಸಂತೋಷದಿಂದ ಅವರ ಕಡೆ ಹೊರಟಳು, ಬಾಗಿಲ ಮರೆಯಲ್ಲಿ ಏನನ್ನೋ ಎಡವಿ ಚಹಾದ ಕಪ್ಪು ಸಮೇತ ಮುಗ್ಗರಿಸಿದಳು.

ನೋಡಿದರೆ ಕಾಲು.

ಗೋಡೆಗೆ ಆನಿಸಿಟ್ಟಿದ್ದ ಕೃತಕ ಕಾಲು. ಮೊಳಕಾಲಿನಿಂದ ಕೆಳಗಿನದು, ಪಟ್ಟಿ ಸಮೇತ, ಅದಕ್ಕೊಂದು ಕಂದು ಬಣ್ಣದ ಹೊಸ ಚಪ್ಪಲಿ ಕೂಡ ತೊಡಿಸಿದ್ದರು. ಯಂತ್ರದ ಕೋಣೆಗೆ ಲೋಹ ಒಯ್ಯಬಾರದೆಂದು ರಾಜೇಸಾಬನೇ ಬಿಚ್ಚಿಸಿ ಇಟ್ಟಿದ್ದ. ಮಹಾನಂದಾ ಅದನ್ನು ಎತ್ತಿ ಹಿಡಿದಳು. ಎಡಗಾಲು. ಕಾರಿಡಾರಿನ ಕಡೆ ನೋಡಿದಳು. ಗಾಲಿಕುರ್ಚಿಯಿಂದ ಒಂದೇ ಪಾದ ಕೆಳಗಿಳಿದಿತ್ತು. ಗೋಡೆಯ ಪರದೆ ನೋಡಿದಳು. ಅಲ್ಲಿ ಎರಡು ಕಾಲು, ಎಡಗಾಲಿನ ಐದೂ ಬೆರಳಿಗೆ ಹೋಗುವ ಸಣ್ಣ ನಾಳಗಳು ಕೂಡ ಎಣಿಸುವಂತೆ ಕಾಣುತ್ತಿದ್ದವು.

"ರಾಜೇಸಾಬ್" ಎಂದು ಕರೆದಳು. "ಆ ಮನುಷ್ಯಾಗ ಕಾಲು ಎಷ್ಟದಾವು?"

ರಾಜೇಸಾಬ ಪರದೆ ನೋಡಿ "ಎರಡ್ರಿ" ಎಂದ. ಆಮೇಲೆ ಅವಳ ಕೈಯಲ್ಲಿದ್ದುದನ್ನು ನೋಡಿದ. ಬಾಯಲ್ಲಿದ್ದ ಪೇಢೆ ನುಂಗುವುದೋ ಬಿಡುವುದೋ ತಿಳಿಯದೆ ಹಾಗೆಯೇ ನಿಂತ. "ಅಯ್ಯ ಅಲ್ಲಾ! ನಾನ ಬಿಚ್ಚೀನಲ್ರೀ ಅದನ್ನ!"

ಮಹಾನಂದಾ ಕೆಳಗೆ ಕೂತುಬಿಟ್ಟಳು. ನಗು ಬರುತ್ತಿತ್ತು, ಆದರೆ ಅದರ ಹಿಂದೆಯೇ ಭಯವೂ ಬಂತು. ಇಲ್ಲದ ಕಾಲಿಗೆ ಇಷ್ಟು ಚೆಂದದ ನಾಳ ಬರೆದವಳು, ಇದ್ದ ಕಾಲಿಗೆ ಏನು ಬರೆದಿದ್ದಾಳು? ಆ ಬಲಗಾಲು ಒಂದೇ ಆ ಮನುಷ್ಯನಿಗೆ ಉಳಿದಿರುವುದು. ಅದರ ಬೆರಳು ಕಪ್ಪಾಗುತ್ತಿದೆ. ಗುಳಿಗೆ ಕೊಟ್ಟು ಮನೆಗೆ ಕಳಿಸಲು ಚೀಟಿ ಆಗಲೇ ಬರೆದಾಗಿದೆ.

ಯಂತ್ರ ಹಿಡಿದ ಮೂಲಚಿತ್ರ ಸಿಗುವಂತಿರಲಿಲ್ಲ. ಅದು ಬಹಳ ಜಾಗ ತಿನ್ನುತ್ತದೆಂದು ನಿರ್ಮಲಕ್ಕ ತಿದ್ದಿ ಮುಗಿಸಿದ ಕೂಡಲೇ ಅಳಿಸಿಹೋಗುವಂತೆ ಮಹಾನಂದಾಳೇ ಏರ್ಪಾಡು ಮಾಡಿದ್ದಳು. ಅದೇ ದಿನ ಮತ್ತೊಮ್ಮೆ ಔಷಧ ಚುಚ್ಚುವುದು ಫಕೀರಪ್ಪನ ವಯಸ್ಸಿಗೆ ಒಳ್ಳೆಯದಲ್ಲ. ಅವನನ್ನು ಅಂದು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಮರುದಿನ ಮತ್ತೆ ಚಿತ್ರ ತೆಗೆಯುವುದೆಂದು ಜಂಬಗಿಯವರನ್ನು ಒಪ್ಪಿಸಿದಳು. ಏಕೆಂದು ಕೇಳಿದಾಗ ಕೃತಕ ಕಾಲನ್ನೇ ಅವರ ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ನೋಡಿ, ತಮ್ಮ "ಫಸ್ಟ್ ಕ್ಲಾಸ್" ನೆನಪಾಗಿ, ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಫಕೀರಪ್ಪ ದಂಪತಿಗೆ ಮಾತ್ರ "ಏನಿಲ್ರಿ, ಯಂತ್ರಕ್ಕ ಸ್ವಲ್ಪ ತ್ರಾಸಾಗೇತಿ" ಎಂದಷ್ಟೇ ಹೇಳಿದ್ದಾಯಿತು.

ಆಮೇಲೆ ಮಹಾನಂದಾ ಗುಂಡಿಗಳ ಲೆಕ್ಕ ತೆಗೆದು ನೋಡಿದಳು. ಶ್ರಾವಣದಿಂದ ಈಚೆಗೆ ಕೆಂಪು ಗುಂಡಿಯನ್ನು ಒಬ್ಬರೂ ಒತ್ತಿರಲಿಲ್ಲ. ಪಾಪ, ಇಷ್ಟು ಕಷ್ಟಪಟ್ಟು ತೆಗೆದುಕೊಟ್ಟವರ ಎದುರಿಗೇ ಕೆಟ್ಟದಾಗಿದೆ ಅನ್ನುವುದು ಹೇಗೆ? ಎಲ್ಲರೂ ಹಸಿರೇ. ಆದರೆ ನಾಳದಲ್ಲಿ ತಡೆ ಕಂಡ ಚಿತ್ರಗಳ ಮುಂದೆ ಅವರ ಕೈ ಒಂದು ಗಳಿಗೆ ತಡೆದು ಆಮೇಲೆ ಒತ್ತಿತ್ತು. ನಿರ್ಮಲಕ್ಕ ಆ ಗಳಿಗೆಯನ್ನು ಹಿಡಿದಿದ್ದಳು. ಎಲ್ಲಿ ಕೈ ತಡೆಯಿತೋ ಅಲ್ಲಿ ಮುಂದಿನ ಸಲ ತಡೆಯನ್ನೇ ಅಳಿಸಿದಳು. ರೋಗಿಯ ಮುಂದೆ ಹೇಳಬೇಡಿ, ಮನೆಯವರ ಮುಂದೆ ಹೇಳಬೇಡಿ, ಒಳ್ಳೆಯದನ್ನೇ ಆಡಿ ಎಂದು ಇಡೀ ಊರು ಸೇರಿ ಕಲಿಸಿದ ಪಾಠವನ್ನು ಅವಳು ಚಾಚೂ ತಪ್ಪದೆ ಕಲಿತಿದ್ದಳು. ಕೆಟ್ಟದ್ದು ತಂತ್ರಾಂಶವಲ್ಲ, ಶಾಲೆ. ಆ ಶಾಲೆಗೆ ಸೇರಿಸಿದವಳು ತಾನೇ ಎಂಬುದು ಮಹಾನಂದಾಳನ್ನು ಚುಚ್ಚಿತು.

ಆ ಸಂಜೆ ಮನೆಯಲ್ಲಿ ಅವಳು ಯಾಂತ್ರಿಕವಾಗಿ ಥಾಲಿಪೆಟ್ಟು ತಟ್ಟಿದಳು. ಒಂದು ಸೀದಿತು, ಇನ್ನೊಂದು ಹಸಿ ಉಳಿಯಿತು. ವಿರೂಪಾಕ್ಷ "ಭಾರೀ ಆಗೇತಿ" ಎಂದ. ಗುರುಸಿದ್ದವ್ವ "ಇದು ಥಾಲಿಪೆಟ್ಟೋ ಹಂಚಿನ ಚೂರೋ?" ಎಂದು ಕೇಳಿ ತಿನ್ನತೊಡಗಿದಳು. ದಿನಾ ಆದರೆ ಮಹಾನಂದಾ ಸುಮ್ಮನಿರುತ್ತಿದ್ದಳು. ಇವತ್ತು ಕಣ್ಣು ತುಂಬಿತು.

"ಅತ್ತೀ, ನಾ ಮಾಡಿದ್ದು ಒಂದಿನಾನೂ ನಿಮಗ ಸೇರಿಲ್ಲೇನ್ರಿ?"

ಗುರುಸಿದ್ದವ್ವನಿಗೆ ಆಶ್ಚರ್ಯವಾಯಿತು. "ಸೇರಿಲ್ಲಂತ ಯಾರಂದ್ರು? ನನ್ನ ತಾಟ ನೋಡು."

ಮಹಾನಂದಾ ನೋಡಿದಳು. ಅತ್ತೆಯ ತಾಟು ತೊಳೆದಿಟ್ಟಂತಿತ್ತು.

"ಈಗ ನಿನ್ನ ಗಂಡಂದು ನೋಡು" ಎಂದಳು ಅತ್ತೆ. ವಿರೂಪಾಕ್ಷ ತಟ್ಟನೆ ತಾಟಿನ ಮೇಲೆ ಕೈ ಇಟ್ಟ. ಮೊಸರಿನ ಬಟ್ಟಲ ಕೆಳಗೆ ಒಂದೂವರೆ ಥಾಲಿಪೆಟ್ಟು ಅಚ್ಚುಕಟ್ಟಾಗಿ ಮಡಚಿ ಅಡಗಿಸಿದ್ದು ಹೊರಗೆ ಇಣುಕುತ್ತಿತ್ತು. "ಹೊಗಳಾಂವ ದಿನಾ ಅರ್ಧಾ ಬಿಟ್ಟು ಏಳ್ತಾನ. ನಮ್ಮ ಓಣ್ಯಾಗಿನ ನಾಯಿ ಕರಡಿಯಂಗ ಯಾಕ ಆಗೇತಿ ಅಂತ ಒಂದಿನರ ವಿಚಾರ ಮಾಡೀಯೇನು? ಬಾಯಿ ನೋಡಬ್ಯಾಡ ನಂದಾ, ತಾಟ ನೋಡು."

"ನಿನ್ನ ಮನಸ್ಸು ನೋಯಬಾರ್ದಂತ..." ಎಂದು ವಿರೂಪಾಕ್ಷ ಶುರು ಮಾಡಿದ.

"ಇಷ್ಟ್ ವರ್ಷ ಒಬ್ಬರಾದ್ರೂ ಮನಸ್ಸು ನೋಯಿಸಿದ್ರ ನಾ ಅಡಗಿ ಕಲೀತಿದ್ನಲ್ರೀ!" ಎಂದಳು ಮಹಾನಂದಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು, ಏಕೆಂದರೆ ನೋಯಿಸುವವರು ಒಬ್ಬರಿದ್ದರು, ದಿನಕ್ಕೆ ಮೂರು ಹೊತ್ತು. ಗುರುಸಿದ್ದವ್ವ ಇನ್ನೊಂದು ಥಾಲಿಪೆಟ್ಟು ಹಾಕಿಸಿಕೊಂಡಳು. ಅದು ಹಸಿ ಉಳಿದದ್ದು.

ಮರುದಿನ ಮಹಾನಂದಾ ವಾರ್ಡಿಗೆ ಹೋದಾಗ ಕಾಶವ್ವ ಮತ್ತೆ ಕಂಬದ ಮರೆಗೆ ಕರೆಯಲು ಬಂದಳು. ಈ ಸಲ ಮಹಾನಂದಾ ಹೋಗಲಿಲ್ಲ. "ಇಬ್ಬರ ಮುಂದೂ ಹೇಳ್ತೀನಿ ಕಾಕೂ, ಬರ್ರಿ" ಎಂದು ಅವಳ ಕೈ ಹಿಡಿದುಕೊಂಡೇ ಮಂಚದ ಬಳಿ ಹೋದಳು. ಜೀವನದಲ್ಲಿ ಯಾರಿಗೂ ಎದುರಿಗೆ ಕೆಟ್ಟ ಸುದ್ದಿ ಹೇಳಿದವಳಲ್ಲ.

"ಕಾಕಾ, ನಿನ್ನೆ ತೋರಿಸಿದ ಚಿತ್ರ ಸುಳ್ಳು. ಅದರಾಗ... ಅದರಾಗ ಎಡಗಾಲು ಇತ್ತು."

"ಹೌದ್ರಿ" ಎಂದ ಫಕೀರಪ್ಪ ಶಾಂತವಾಗಿ. "ನೋಡಿದೆ."

"ನಿಮಗ ಎಡಗಾಲು ಇಲ್ಲಲ್ರೀ ಕಾಕಾ!"

"ನನ್ನ ಕಾಲು ಇಲ್ಲ ಅಂತ ನನಗ ಗೊತ್ತಿಲ್ಲೇನ್ರೀ ಬಾಯಾರ? ಹನ್ನೆರಡು ವರ್ಷದ ಹಿಂದ ನನ್ನ ಕಣ್ಣಮುಂದ ಹೋಗೇತಿ ಅದು."

"ಮತ್ತ ನಿನ್ನೆ ಯಾಕ ಹೇಳ್ಲಿಲ್ರೀ? ಹಸಿರು ಗುಂಡಿ ಒತ್ತಿದ್ರಿ!"

ಫಕೀರಪ್ಪ ತಲೆ ಕೆರೆದುಕೊಂಡ. "ಎಲ್ಲಾರೂ ಅಷ್ಟು ಖುಷಿಯಾಗಿದ್ರಿ. ಆ ಮಿಷಿನ್ ಸಾಬಣ್ಣ ಮೈಕಿನಾಗ ನನಗ ಪುಣ್ಯಾ ಮಾಡೀರಿ ಅಂತಂದ. ಅಷ್ಟು ದೊಡ್ಡ ಮಿಷಿನ್ನು, ಅಷ್ಟು ಕಲಿತವರು. ಅವರ ಮುಂದ ಒಂದು ಕಾಲು ಹೆಚ್ಚಾಗೇತ್ರಿ ಅಂತ ಹೆಂಗ ಅನ್ನೂದು? ಚಲೋ ಕಾಣೂದಿಲ್ಲಲ್ರಿ." ಹೆಂಡತಿಯ ಕಡೆ ತಿರುಗಿದ. "ಮತ್ತ ಈಕಿ ಅಳಾಕತ್ತಿದ್ಲು. ಆಕಿ ಖುಷಿ ಕೆಡಸೂದು ಬ್ಯಾಡ ಅಂತ ಸುಮ್ಮನಾದೆ."

"ನನಗ ಯಾವ ಖುಷಿ!" ಎಂದಳು ಕಾಶವ್ವ. "ಚಿತ್ರ ನೋಡಿ ನಿಮ್ಮ ಮಾರಿ ಮ್ಯಾಲೆ ಎಷ್ಟು ದಿನದ ಮ್ಯಾಲೆ ನಗಿ ಬಂತಲ್ಲ, ಅದಕ್ಕ ಅತ್ತೆ. ನೀವು ನಕ್ಕೀರಿ ಅಂತ ನಾನೂ ಗುಂಡಿ ಒತ್ತಿದೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಕಾಶವ್ವ. ಫಕೀರಪ್ಪನೂ ನಕ್ಕ, ಮಂಚ ಅಲುಗಾಡುವಂತೆ ನಕ್ಕ. ಮಹಾನಂದಾಳಿಗೆ ನಗುವಾಗಲೇ ಅಳುವೂ ಬಂತು. ಅದನ್ನು ನುಂಗಿ ಕೇಳಿದಳು. "ಈಗ ಖರೇ ಹೇಳ್ರಿ ಕಾಕಾ. ಬಲಗಾಲು ಹೆಂಗ ಐತಿ?"

"ಆರಾಮ್ ಐ..." ಎಂದವನು ನಿಲ್ಲಿಸಿದ. ಹೆಂಡತಿಯ ಕಡೆ ನೋಡಲಿಲ್ಲ. "ಇಲ್ರಿ. ಬೆಂಕಿ ಇಟ್ಟಂಗ ಉರೀತೈತಿ. ಅಂಗಡಿ ಒಳಗಿಂದ ಬಾಗಿಲತನಕ ಬರೂದ್ರಾಗ ಎರಡು ಸಲ ನಿಲ್ತೀನಿ. ಇದೂ ಹೋತಂದ್ರ ನಾ ಅಂಗಡಿ ಹೆಂಗ ನಡಸ್ಲಿ, ಈಕಿಗಿ ಹೆಂಗ ಹೊರೆಯಾಗ್ಲಿ ಅಂತ ಅಂಜಿಕಿ ಆಗೇತ್ರಿ ಬಾಯಾರ." ಕಾಶವ್ವ ಅವನ ಬಾಯಿ ಮುಚ್ಚಿಸಲಿಲ್ಲ. ಕಪ್ಪಾದ ಹೆಬ್ಬೆರಳ ಮೇಲೆ ಅಂಗೈ ಇಟ್ಟು ಕೂತಳು.

ಎರಡನೆಯ ಸಲ ಚಿತ್ರ ತೆಗೆಯುವಾಗ ಮಹಾನಂದಾ ನಿರ್ಮಲಕ್ಕನನ್ನು ಪೂರ್ತಿ ಬಂದ್ ಮಾಡಿದಳು. ಇನ್ನು ಹಳೆಯ ಕಾಲದ ಎಚ್ಚರವೇ ಗತಿ. ಔಷಧದ ಒಂದು ಹನಿಯನ್ನು ಮೊದಲು ಬಿಟ್ಟು, ಅದು ಕಾಲಿಗಿಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿದರು. ಔಷಧ ಮೇಲೆ ಮರಳುವ ನಾಳಕ್ಕೆ ಬೇಗ ತುಂಬದಿರಲೆಂದು ತೊಡೆಗೆ ರಕ್ತದೊತ್ತಡ ನೋಡುವಂಥ ಗಾಳಿಪಟ್ಟಿ ಸುತ್ತಿ ಮೆಲ್ಲಗೆ ಬಿಗಿದರು. ರಾಜೇಸಾಬ ರೂಢಿಯಂತೆ ಎರಡು ಪಟ್ಟಿ ತಂದಿದ್ದ, ಒಂದನ್ನು ನಾಚಿಕೊಂಡು ವಾಪಸು ಇಟ್ಟುಬಂದ. ಔಷಧಕ್ಕೆ ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದರೆ ನಾಳ ಮಾತ್ರ ಉಳಿಯುತ್ತದೆ, ಆದರೆ ಎರಡರ ನಡುವೆ ಮಲಗಿದವನು ಕದಲಬಾರದು. "ಅಲ್ಲಾಡಬ್ಯಾಡ್ರಿ ಕಾಕಾ" ಎಂದು ಮಹಾನಂದಾ ಮೈಕಿನಲ್ಲಿ ಹೇಳಿದಳು.

ಮೊದಲ ಚಿತ್ರ ಮುಗಿಯುವಷ್ಟರಲ್ಲಿ ಒಳಗಿಂದ ಸಂಕಟದ ದನಿ ಬಂತು. "ಬಾಯಾರ, ಎಡಗಾಲಿನ ಹೆಬ್ಬಟ್ಟು ತುರಸಾಕತ್ತೈತ್ರಿ."

"ಕಾಕಾ, ಅದು ಇಲ್ಲಲ್ರಿ."

"ಅದಕ್ಕ ಕೆರಕೊಳ್ಳಾಕ ಬರವಲ್ದು! ಹನ್ನೆರಡು ವರ್ಷ ಆತು, ದಿನಾ ತುರಸ್ತೈತಿ. ನಿಮ್ಮ ನಿರ್ಮಲಕ್ಕ ಒಬ್ಬಾಕಿಗೆ ಅದು ಕಂಡಿತ್ತು ನೋಡ್ರಿ."

ರಾಜೇಸಾಬ ಮುಖ ಆಚೆ ತಿರುಗಿಸಿಕೊಂಡು ಹೆಗಲು ಕುಣಿಸಿದ. ಮಹಾನಂದಾ ತುಟಿ ಕಚ್ಚಿ, "ಅದು ಎಷ್ಟರ ತುರಸ್ಲಿ ಕಾಕಾ, ಬಲಗಾಲು ಮಾತ್ರ ಕಲ್ಲಾಗಿ ಇಡ್ರಿ" ಎಂದಳು. ಫಕೀರಪ್ಪ ಕಲ್ಲಾದ. ಔಷಧ ಇಳಿಯಿತು, ಮೇಜು ಸರಿಯಿತು.

ಬಂದ ಚಿತ್ರಕ್ಕೆ ಕೆಂಪು ಗುಂಡಿ ಸಾಲದು, ಅಷ್ಟು ಕೆಟ್ಟದಾಗಿತ್ತು. ಉದ್ದಕ್ಕೂ ಕಾಳು ಕಾಳು, ಅಂಚಿನಲ್ಲಿ ಮಬ್ಬು, ಬಣ್ಣವಂತೂ ಇಲ್ಲವೇ ಇಲ್ಲ. ಡಾಕ್ಟರ್ ಜಂಬಗಿ ಬಂದು ನೋಡಿ "ಎಂಥಾ ಹೊಲಸು ಚಿತ್ರಾರೀ ಇದು!" ಎಂದರು. ಆಮೇಲೆ ಹತ್ತಿರ ಬಗ್ಗಿದರು. ತೊಡೆಯ ನಡುವೆ ದೊಡ್ಡ ನಾಳ ಕಡಿದು ನಿಂತಿತ್ತು. ಅದರ ಅಕ್ಕಪಕ್ಕ ಎಳೆಯಂಥ ಸಣ್ಣ ನಾಳಗಳು ಸುತ್ತಿ ಬಳಸಿ ಹೋಗಿ, ಹೇಗೋ ಒಂದಿಷ್ಟು ರಕ್ತವನ್ನು ಕೆಳಗೆ ಮುಟ್ಟಿಸುತ್ತಿದ್ದವು. ಮೊಳಕಾಲಿನ ಕೆಳಗೆ ನಾಳ ಮತ್ತೆ ಸರಿಯಾಗಿತ್ತು. ಜಂಬಗಿ ಕಡಿದ ಜಾಗದಿಂದ ಮೊಳಕಾಲಿನವರೆಗೆ ಪರದೆಯ ಮೇಲೆ ಬೆರಳಿನಿಂದ ಅಳೆದರು.

"ಇನ್ನೊಂದು ವಾರ ಬಿ‌ಟ್ಟಿದ್ರ ಕಾಲು ತೆಗೀಬೇಕಾಗ್ತಿತ್ತು" ಎಂದರು. "ನಾಳೆ ಮೊದಲ ಆಪರೇಷನ್ ಇವರದ."

ಮರುದಿನ, ನಾಳ ಮುಚ್ಚಿದ ಜಾಗವನ್ನು ಸುತ್ತಿ ಹೋಗುವಂತೆ ರಕ್ತಕ್ಕೆ ಹೊಸ ದಾರಿ ಹೊಲಿದರು. ಆಪರೇಷನ್ನಿನ ನಂತರ ಕಾಶವ್ವ ಹೊದಿಕೆಯ ಕೆಳಗೆ ಕೈ ಹಾಕಿ ಹೆಬ್ಬೆರಳು ಮುಟ್ಟಿದಳು. "ಬೆಚ್ಚಗ ಐತ್ರಿ" ಎಂದಳು. ಯಾರೂ ಕೇಳದಿದ್ದರೂ ವಾರ್ಡಿನಲ್ಲಿ ಮಂಚ ಮಂಚಕ್ಕೂ ಹೋಗಿ "ಬೆಚ್ಚಗ ಐತಿ" ಎಂದು ಹೇಳಿಬಂದಳು.

ಇನ್ನು ನಿರ್ಮಲಕ್ಕನ ವಿಚಾರ. ಶ್ರಾವಣದಿಂದ ಚಿತ್ರ ತೆಗೆಸಿಕೊಂಡವರನ್ನೆಲ್ಲ ಮತ್ತೆ ಕರೆಸುವುದು ಅಷ್ಟು ಸುಲಭವಾಗಲಿಲ್ಲ. ಫೋನು ಮಾಡಿದರೆ "ನಮ್ಮ ಕಾಲು ಚಲೋ ಅದಾವ್ರಿ, ಗ್ವಾಡಿ ಮ್ಯಾಲೆ ತೂಗಹಾಕೀವಿ" ಎನ್ನುತ್ತಿದ್ದರು. ಬೆಟಗೇರಿಯ ಒಬ್ಬ ಬೀಗರಂತೂ ಹುಡುಗನ ಕಾಲಿನ ಮೇಲೆ ಸಂಶಯಪಟ್ಟರೆಂದು ಆಸ್ಪತ್ರೆಯ ಮೇಲೇ ಸಿಟ್ಟಾದರು. ಕಡೆಗೆ ಮಹಾನಂದಾಳೇ ಮನೆ ಮನೆಗೆ ಹೋದಳು. ಹೊಸ್ತಿಲಲ್ಲೇ ನಿಂತು, "ನಾ ಕಟ್ಟಿದ ತಂತ್ರಾಂಶ ನಿಮಗ ಸುಳ್ಳು ಹೇಳೇತಿ, ತಪ್ಪು ನಂದು, ಬರ್ರಿ" ಎಂದಳು. ಹಾಗೆ ನೇರವಾಗಿ ಹೇಳುವುದನ್ನು ಆ ಊರು ಎಂದೂ ಕೇಳಿರಲಿಲ್ಲ, ಗಾಬರಿಯಲ್ಲಿಯೇ ಎಲ್ಲರೂ ಬಂದರು. ಮೂವರಿಗೆ ತಡೆ ಸಿಕ್ಕಿತು, ಮೂವರಿಗೂ ಹೊತ್ತು ಮೀರಿರಲಿಲ್ಲ. ಆ ರಾತ್ರಿ ಮಹಾನಂದಾ ದೇವರ ಮುಂದೆ ಬಹಳ ಹೊತ್ತು ಕೂತಳು.

ಗುಂಡಿಗಳನ್ನು ಕಿತ್ತುಹಾಕಿದರು. ಚಿತ್ರ ಹೇಗಿದೆ ಎಂದು ಈಗ ನಿರ್ಮಲಕ್ಕ ಯಾರನ್ನೂ ಕೇಳುವುದಿಲ್ಲ. ಆಪರೇಷನ್ ಆದ ಮೇಲೆ ಒಳಗೆ ನಿಜವಾಗಿ ಏನಿತ್ತು ಎಂಬುದನ್ನು ಜಂಬಗಿಯವರು ತಿಳಿಸುತ್ತಾರೆ, ಅದಕ್ಕೆ ತನ್ನ ಚಿತ್ರವನ್ನು ಹೊಂದಿಸಿ ನೋಡಿ ಕಲಿಯುತ್ತಾಳೆ. ನಿಧಾನವಾಗಿ ಕಲಿಯುತ್ತಾಳೆ, ಚಿತ್ರಗಳು ಮೊದಲಿನಷ್ಟು ಚೆಂದವೂ ಇಲ್ಲ. ರಾಜೇಸಾಬನಿಗೆ ಪೇಢೆ ಬರುವುದು ನಿಂತಿತು, ಅಂಗಿಯ ಗುಂಡಿಗಳೊಡನೆ ರಾಜಿಯಾಯಿತು. ಹೊಸ ವ್ಯವಸ್ಥೆಗೆ ಏನೆಂದು ಹೆಸರಿಡುತ್ತೀರಿ ಎಂದು ಆಡಳಿತಾಧಿಕಾರಿ ಕೇಳಿದಾಗ ಮಹಾನಂದಾ 'ತಾಟು' ಎಂದಳು. ಅವರಿಗೆ ಅರ್ಥವಾಗಲಿಲ್ಲ, ಆದರೂ ಭಾರೀ ಚಲೋ ಹೆಸರು ಎಂದರು.

ದೀಪಾವಳಿಯ ಮುಂಚೆ ಒಂದು ಬೆಳಿಗ್ಗೆ ಫಕೀರಪ್ಪ ತಾನೇ ನಡೆದುಕೊಂಡು ನಿಯಂತ್ರಣ ಕೊಠಡಿಗೆ ಬಂದ, ಕೈಯಲ್ಲಿ ಒಂದು ಡಬ್ಬಿ. "ಆರಾಮ್ ಅದೀರೇನ್ರೀ ಕಾಕಾ?" ಎಂದಳು ಮಹಾನಂದಾ.

"ಇಲ್ರಿ. ಹೊಲಿಗಿ ಹತ್ರ ಕೆರೀತೈತಿ, ನಿಮ್ಮ ಗುಳಿಗಿಯಿಂದ ಹೊಟ್ಟಿ ಉಬ್ಬತೈತಿ, ಇಲ್ಲಿ ಕ್ಯಾಂಟೀನ ಚಾ ಅಂತೂ ಬರೇ ಕುದಿಸಿದ ನೀರು" ಎಂದು ಹಿಗ್ಗಿನಿಂದ ಶುರು ಮಾಡಿದವನು ಹೆಂಡತಿಯ ಮೇಲಿನ ದೂರಿಗೆ ಬರುವವರೆಗೂ ನಿಲ್ಲಿಸಲಿಲ್ಲ. ಮಹಾನಂದಾ ಒಂದೊಂದನ್ನೂ ಸಂತೋಷದಿಂದ ಕೇಳಿದಳು. ಆಮೇಲೆ ಅವನು ದನಿ ತಗ್ಗಿಸಿದ. "ಬಾಯಾರ, ಆ ಮೊದಲಿನ ಚಿತ್ರ ಐತೇನ್ರಿ? ಕನ್ನಡಿಯೊಳಗಿನ ಗಂಟು ಅಂತ ಗೊತ್ತೈತಿ. ಆದ್ರೂ ಹನ್ನೆರಡು ವರ್ಷ ಆಗಿತ್ತು ನೋಡಿ."

ಅವಳು ಅದನ್ನು ಅಳಿಸಿರಲಿಲ್ಲ. ಬಲಗಾಲಿನ ಭಾಗ ಕತ್ತರಿಸಿ, ಎಡಗಾಲು ಮಾತ್ರ ಮುದ್ರಿಸಿ, ಮೇಲೆ ದಪ್ಪ ಅಕ್ಷರದಲ್ಲಿ 'ಇದು ನಿಜವಲ್ಲ' ಎಂದು ಬರೆದು ಕೊಟ್ಟಳು. ಫಕೀರಪ್ಪ ಓದಿ, "ನಡೀತೈತ್ರಿ" ಎಂದು ಎದೆಯ ಕಿಸೆಗೆ ಇಟ್ಟುಕೊಂಡ. ಡಬ್ಬಿ ತೆರೆದು ಒಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ ತೆಗೆದ. ಕಡುಗೆಂಪು ಪಟ್ಟಿಯ ಮೆತ್ತನೆಯ ಚರ್ಮದವು. "ನಾನ ನಿಂತು ಮಾಡಿಸೀನಿ. ಹಾಕ್ಕೊಂಡು ನೋಡ್ರಿ" ಎಂದ.

ಮಹಾನಂದಾ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದಳು. ಫಕೀರಪ್ಪ ಆಸೆಯಿಂದ ಅವಳ ಮುಖವನ್ನೇ ನೋಡುತ್ತಿದ್ದ. "ಭಾರೀ ಚಲೋ ಅದಾವ್ರಿ" ಎಂಬ ಮಾತು ತುದಿನಾಲಿಗೆಗೆ ಬಂತು. ಅದನ್ನು ಅಲ್ಲೇ ಹಿಡಿದು ನಿಲ್ಲಿಸುವುದಕ್ಕೆ ಅವಳಿಗೆ ಬಹಳ ಕಷ್ಟವಾಯಿತು.

"ಬಲಗಾಲಿಂದು ಬರೋಬರಿ ಐತ್ರಿ ಕಾಕಾ" ಎಂದಳು. "ಎಡಗಾಲಿಂದು ಕಚ್ಚತೈತಿ."

ಫಕೀರಪ್ಪನ ಮುಖ ಅರಳಿತು. "ಹಂಗ ಹೇಳ್ರಿ ಮತ್ತ! ಎಡಗಾಲಂದ್ರ ಯಾವಾಗ್ಲೂ ಕಾಡೂದ ಅದು. ತರ್ರಿ ಇಲ್ಲಿ." ಅವಳು ಬೇಡವೆಂದರೂ ಕೇಳದೆ ಚಪ್ಪಲಿ ಕೈಗೆ ತೆಗೆದುಕೊಂಡ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಕೃತಕ ಕಾಲಿನ ಮೇಲಿನ ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು, ಗೋಡೆಯನ್ನೂ ಹಿಡಿಯದೆ ನಿಂತು, ಪಟ್ಟಿಯನ್ನು ಎರಡೂ ಹೆಬ್ಬೆರಳಿನಿಂದ ಎಳೆದು ಎಳೆದು ಸಡಿಲ ಮಾಡತೊಡಗಿದ.